ಮೆಟ್ಟಿಲು ಗುಡಿಸುವ ಸರದಿ

ಸ್ಟುಟ್‌ಗಾರ್ಟ್ ಕುಳಿತಿರುವುದೇ ಒಂದು ಬೋಗುಣಿಯ ತಳದಲ್ಲಿ. ಸುತ್ತಲೂ ಗುಡ್ಡ, ಗುಡ್ಡದ ಇಳಿಜಾರಿನಲ್ಲಿ ದ್ರಾಕ್ಷಿ ತೋಟ, ತೋಟಗಳ ನಡುವೆ ಕಲ್ಲಿನ ಮೆಟ್ಟಿಲು ದಾರಿ. ದ್ರಾಕ್ಷಿ ಬೆಳೆಯುತ್ತಿದ್ದವರು ತೋಟ ಹತ್ತಲು ಕಟ್ಟಿಕೊಂಡ ಇಂಥ ದಾರಿಗಳು ಊರಿನಲ್ಲಿ ಇವತ್ತಿಗೂ ನಾನೂರಕ್ಕೂ ಹೆಚ್ಚು ಉಳಿದಿವೆ. ಇಲ್ಲಿಯವರು ಅವನ್ನು ‘ಶ್ಟೆಫೆಲೆ’ ಎಂದು ಅಕ್ಕರೆಯಿಂದ ಕರೆಯುತ್ತಾರೆ. ನಾವು ಮನೆ ಹಿಡಿದದ್ದು ಊರಿನ ದಕ್ಷಿಣಕ್ಕಿರುವ ಹೆಸ್ಲಾಖ್ ಎಂಬ ಬಡಾವಣೆಯಲ್ಲಿ, ಹಳೆಯ ಕಟ್ಟಡವೊಂದರ ನಾಲ್ಕನೆಯ ಮಹಡಿಯಲ್ಲಿ. ಲಿಫ್ಟ್ ಇಲ್ಲ. 1884ರಿಂದಲೂ ಓಡುತ್ತಿರುವ ಹಲ್ಲುಗಾಲಿಯ ಪುಟ್ಟ ರೈಲು ಈಗ ಹತ್ತಿರದ ಮರೀನ್‌ಪ್ಲಾಟ್ಸ್ ಚೌಕದಿಂದ ಗುಡ್ಡ ಹತ್ತುತ್ತದೆ. ಅದರ ಮುಂದೊಂದು ಚಿಕ್ಕ ಬಂಡಿ ಕಟ್ಟಿ ಸೈಕಲ್‌ಗಳನ್ನೂ ಒಯ್ಯುತ್ತಾರೆ. ಧಾರವಾಡದ ಏರು ದಾರಿಗಳಲ್ಲಿ ನಡೆದು ಬೆಳೆದ ನನಗೆ ಊರು ನೋಡಿದ ಕೂಡಲೇ ಹಿಡಿಸಿತು. ಮನೆ ಹಿಡಿಸಲು ಹೊತ್ತು ಬೇಕಾಯಿತು.

ಜರ್ಮನಿಯಲ್ಲಿ ಬಾಡಿಗೆ ಎಂದರೆ ಎರಡು ಲೆಕ್ಕ. ಬರೀ ಗೋಡೆ, ಸೂರಿಗೆ ಕೊಡುವುದು ‘ತಣ್ಣನೆ ಬಾಡಿಗೆ’. ಹೀಟರು, ನೀರು, ಕಸ, ಕಟ್ಟಡದ ಖರ್ಚು ಸೇರಿದರೆ ‘ಬೆಚ್ಚನೆ ಬಾಡಿಗೆ’. ಮುಂಗಡವಾಗಿ ಮಾಲೀಕರು ಮೂರು ತಿಂಗಳ ತಣ್ಣನೆ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ, ಕಾನೂನೇ ಹಾಗಿದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಅಭ್ಯಾಸವಿದ್ದ ನಮಗೆ ಅದು ದೊಡ್ಡ ನೆಮ್ಮದಿ. ಆದರೆ ಬೀಗ ತೆಗೆದು ಒಳಗೆ ಹೋದಾಗ ಅಡುಗೆಮನೆಯಲ್ಲಿ ಇದ್ದದ್ದು ಗೋಡೆಯಿಂದ ಹೊರಬಂದ ಎರಡು ನೀರಿನ ಪೈಪು ಮತ್ತು ಒಲೆಗೆಂದು ಬಿಟ್ಟ ದಪ್ಪ ವೈರು. ಕಟ್ಟೆ ಇಲ್ಲ, ಸಿಂಕ್ ಇಲ್ಲ, ಕಪಾಟಿಲ್ಲ. ಇಲ್ಲಿ ಮನೆ ಬಿಡುವವರು ಅಡುಗೆಮನೆಯನ್ನೇ ಬಿಚ್ಚಿಕೊಂಡು ಮುಂದಿನ ಮನೆಗೆ ಒಯ್ಯುವುದು ರೂಢಿ. ಬಲ್ಬುಗಳೂ ಅವರವೇ; ಸೂರಿನಲ್ಲಿ ವೈರಿನ ತುದಿಗಳಷ್ಟೇ ಜೋತಾಡುತ್ತಿದ್ದವು. ಹೊಸ ಕಟ್ಟೆ ಬರುವ ತನಕ ನೆಲದ ಮೇಲೆ ಇಂಡಕ್ಷನ್ ಒಲೆಯಿಟ್ಟುಕೊಂಡು, ಬಚ್ಚಲಲ್ಲಿ ಅಕ್ಕಿ ತೊಳೆದು, ಹೆಸರುಬೇಳೆ ಕಿಚಡಿ ಮಾಡಿದೆವು. ಚಟ್ನಿಪುಡಿ ಜೊತೆಗಿತ್ತು.

ಮನೆ ಸೇರಿದ ಎರಡು ವಾರದೊಳಗೆ ಬಡಾವಣೆಯ ನಾಗರಿಕ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ಮಾಲೀಕರು ಸಹಿ ಮಾಡಿದ ಪತ್ರ ಇಲ್ಲದೆ ಅದು ಆಗದು. ನೋಂದಣಿಯಾದ ಮೇಲೆಯೇ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಅಂಚೆ ಬರಬೇಕಾದರೆ ಮತ್ತೊಂದು ಕೆಲಸ ಆಗಬೇಕು. ಇಲ್ಲಿನ ಹೆಚ್ಚಿನ ಕಟ್ಟಡಗಳಲ್ಲಿ ಮನೆಗೆ ನಂಬರಿಲ್ಲ. ಕೆಳಬಾಗಿಲ ಪಕ್ಕದ ಕರೆಗಂಟೆಗಳ ಫಲಕದಲ್ಲಿ, ಅಂಚೆ ಡಬ್ಬಿಯ ಮೇಲೆ ಮನೆಯವರ ಹೆಸರಿರುತ್ತದೆ. ಹೆಸರಿಲ್ಲದಿದ್ದರೆ ಕಾಗದ ಬಂದ ದಾರಿಯಲ್ಲೇ ಹಿಂದಕ್ಕೆ. ನಮ್ಮವರು ಕೆಲಸದಿಂದ ಬಂದ ಸಂಜೆ ಇಬ್ಬರೂ ಸೇರಿ ಚೀಟಿ ಅಂಟಿಸಿದೆವು. ಗಂಟೆಯ ಗುಂಡಿಯ ಪಕ್ಕದಲ್ಲಿ ನಮ್ಮ ಹೆಸರು ಕಂಡಾಗ ಆದ ಖುಷಿ ಕರಾರುಪತ್ರಕ್ಕೆ ಸಹಿ ಮಾಡಿದಾಗ ಆಗಿರಲಿಲ್ಲ.

ಆದರೂ ಆ ಫಲಕದ ಉಳಿದ ಹೆಸರುಗಳೆಲ್ಲ ಬರೀ ಹೆಸರುಗಳೇ. ಮೆಟ್ಟಿಲಲ್ಲಿ ಎದುರಾದವರು ನಮಸ್ಕಾರ ಹೇಳುತ್ತಿದ್ದರು, ಬಾಗಿಲು ಹಿಡಿದು ನಿಲ್ಲುತ್ತಿದ್ದರು, ಅಲ್ಲಿಗೆ ಮುಗಿಯಿತು. ನಮ್ಮ ಕಡೆ ಹೊಸ ಮನೆಗೆ ಸಾಮಾನು ಇಳಿಯುವಷ್ಟರಲ್ಲಿ ಓಣಿಯವರು ಚಹಾ ತರುತ್ತಾರೆ, ಊರು ಯಾವುದು, ಮಕ್ಕಳೆಷ್ಟು ಎಂದು ಕೇಳುತ್ತಾರೆ. ಇಲ್ಲಿ ಯಾರೂ ಏನೂ ಕೇಳಲಿಲ್ಲ. ಅದು ತಾತ್ಸಾರವಲ್ಲ. ಕರೆಯದೆ ಒಬ್ಬರ ಬದುಕಿನೊಳಗೆ ಕಾಲಿಡಬಾರದೆಂಬ ಮರ್ಯಾದೆ ಅದು, ಇದ್ದು ನೋಡಿದ ಮೇಲೆ ನನಗೆ ತಿಳಿಯಿತು. ಆ ಮೊದಲ ಚಳಿಗಾಲದಲ್ಲಿ ಮಾತ್ರ ಮಧ್ಯಾಹ್ನ ನಾಲ್ಕೂವರೆಗೆಲ್ಲ ಕತ್ತಲಾಗುವಾಗ ಎದೆ ಭಾರವಾಗುತ್ತಿತ್ತು.

ಭಾನುವಾರ ಅಂಗಡಿ ಮುಚ್ಚಿರುತ್ತವೆ. ಗೋಡೆಗೆ ಡ್ರಿಲ್ ಹಾಕುವಂತಿಲ್ಲ, ಬೀದಿಯ ಡಬ್ಬಿಗೆ ಗಾಜಿನ ಬಾಟಲಿಯನ್ನೂ ಎಸೆಯುವಂತಿಲ್ಲ. ಸದ್ದಿಲ್ಲದ ಆ ಹಗಲುಗಳಲ್ಲಿ ಅವ್ವನಿಗೆ ಫೋನು ಮಾಡುತ್ತಿದ್ದೆ. “ಮಾತಾಡಾಕ ಯಾರರೆ ಸಿಕ್ರೇನವಾ?” ಎಂದು ಪ್ರತಿ ಸಲ ಕೇಳುತ್ತಿದ್ದಳು.

ಒಂದು ದಿನ ಬಾಗಿಲು ತೆರೆದರೆ ಹಿಡಿಕೆಗೆ ಸಣ್ಣದೊಂದು ಮರದ ಫಲಕ ಜೋತುಬಿದ್ದಿತ್ತು. ಅದರ ಮೇಲೆ ‘ಕೇರ್‌ವೋಖೆ’ ಎಂದು ಬರೆದಿತ್ತು. ಗುಡಿಸುವ ವಾರ. ಶ್ವಾಬಿಯ ಎಂಬ ಈ ಸೀಮೆಯಲ್ಲಿ ಕಟ್ಟಡದ ಮೆಟ್ಟಿಲು, ನೆಲಮಾಳಿಗೆ, ಮುಂದಿನ ಕಾಲುದಾರಿಗಳನ್ನು ಅಲ್ಲಿನ ಮನೆಗಳವರೇ ಸರದಿಯಂತೆ ಗುಡಿಸಿ ಒರೆಸುವ ಪದ್ಧತಿಯಿದೆ. ಸರದಿ ಮುಗಿಸಿದವರು ಫಲಕವನ್ನು ಮುಂದಿನ ಮನೆಯ ಬಾಗಿಲಿಗೆ ತೂಗುಹಾಕುತ್ತಾರೆ. ಇದರ ಬೇರನ್ನು 1492ರಲ್ಲಿ ಕೌಂಟ್ ಎಬರ್‌ಹಾರ್ಡ್ ಸ್ಟುಟ್‌ಗಾರ್ಟ್ ಪಟ್ಟಣಕ್ಕೆ ಮಾಡಿದ ಕಟ್ಟಳೆಯಲ್ಲಿ ಗುರುತಿಸುತ್ತಾರೆ: ಊರು ಚೊಕ್ಕಟವಾಗಿರಬೇಕು, ಪ್ರತಿಯೊಬ್ಬರೂ ವಾರಕ್ಕೊಮ್ಮೆ ತಮ್ಮ ಕಸ ಹೊರಗೆ ಸಾಗಿಸಬೇಕು ಎಂದು ಆಗಲೇ ಬರೆದಿತ್ತಂತೆ. ಅಕ್ಕಪಕ್ಕದ ರಾಜ್ಯಗಳ ಜರ್ಮನ್ನರು ಶ್ವಾಬಿಯದವರ ಈ ನಿಷ್ಠೆ ಕಂಡು ನಗುವುದುಂಟು. ನನಗೆ ನಗು ಬರಲಿಲ್ಲ. ದಿನಾ ಬೆಳಿಗ್ಗೆ ಅಂಗಳಕ್ಕೆ ನೀರು ಚಿಮುಕಿಸಿ ರಂಗೋಲಿ ಹಾಕುವ ಊರಿನಿಂದ ಬಂದವಳಿಗೆ, ಹೊಸಿಲಾಚೆಯ ನೆಲವೂ ನಮ್ಮದೇ ಎಂಬ ಮಾತು ಹೊಸದೇನಲ್ಲ.

ಬಕೆಟ್ಟು ಹಿಡಿದು ಹೊರಬಂದ ನನ್ನನ್ನು ಕಂಡು ಮೂರನೆಯ ಮಹಡಿಯ ಅಜ್ಜಿ ತಮ್ಮ ಬಾಗಿಲು ತೆರೆದು ನಿಂತರು. ಹಳ್ಳಿ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಒಂಟಿಯಾಗಿರುವವರು. ಏನೂ ಹೇಳದೆ ಒಳಗೆ ಹೋಗಿ ಕೈಪೊರಕೆಯೊಂದನ್ನು ತಂದರು. ಅದರ ಕೂದಲು ಒಂದು ಬದಿಗೆ ಸವೆದು ಓರೆಯಾಗಿತ್ತು. ಆ ಓರೆ ತುದಿ ಮೆಟ್ಟಿಲ ಮೂಲೆಗೆ ಸರಿಯಾಗಿ ಹೊಂದುತ್ತಿತ್ತು. ಮೊಣಕಾಲೂರಿ ಒಂದೊಂದು ಮೆಟ್ಟಿಲ ಒಳಮೂಲೆಯ ಧೂಳನ್ನು ಅದರಿಂದ ಎಳೆದು ಮೊರಕ್ಕೆ ತುಂಬಿದರು. ಆಮೇಲೆ ಒದ್ದೆ ಬಟ್ಟೆಯನ್ನು ಹಿಂಡಿ, ಮರದ ಕೈಪಿಡಿಯ ಮೇಲ್ಭಾಗಕ್ಕಿಂತ ಮೊದಲು ಅಡಿಭಾಗವನ್ನು ಒರೆಸಿದರು. ಬೆರಳು ತಾಗುವುದು ಅಲ್ಲೇ ತಾನೆ! ನನಗೆ ಆಗ ಬರುತ್ತಿದ್ದ ಜರ್ಮನ್ ಅಂಗಡಿಯಲ್ಲಿ ಹಾಲು, ಬ್ರೆಡ್ಡು ಕೇಳುವಷ್ಟು. ಆದರೂ ನಾಲ್ಕನೆಯ ಮಹಡಿಯಿಂದ ಕೆಳಬಾಗಿಲ ತನಕ ಇಬ್ಬರೂ ಜೊತೆಗೇ ಇಳಿದೆವು. ಅವರು ಮೂಲೆ ಬಳಿದರು, ನಾನು ಒರೆಸಿದೆ. ಕೆಳಗೆ ಬಂದಾಗ ನನ್ನ ಹೆಸರನ್ನು ನಿಧಾನವಾಗಿ, ತಪ್ಪಿಲ್ಲದೆ ಹೇಳಿದರು. ಕರೆಗಂಟೆಯ ಚೀಟಿಯಲ್ಲಿ ಓದಿಕೊಂಡಿದ್ದರು!

ಹೊರದೇಶಕ್ಕೆ ಹೊರಟವರಿಗೆಲ್ಲ ನಾನೀಗ ಇದನ್ನೇ ಹೇಳುತ್ತೇನೆ. ಪರಿಚಯ ಮಾತಿನಿಂದಲೇ ಶುರುವಾಗಬೇಕು ಎಂದು ಕಾಯಬೇಡಿ. ಭಾಷೆ ಬಾರದವರಿಗೆ ಜೊತೆಗೆ ಮಾಡುವ ಕೆಲಸವೇ ಮೊದಲ ಮಾತು. ಕಟ್ಟಡದಲ್ಲಿ ಯಾವ ಕೆಲಸ ಪಾಲಿಗೆ ಬಂದರೂ ಹಿಂಜರಿಯಬೇಡಿ. ಕೆಲಸದ ದಿನಗಳಲ್ಲಿ ಹಿಮ ಬಿದ್ದರೆ ಮುಂಜಾನೆ ಏಳು ಗಂಟೆಯೊಳಗೆ ಮುಂದಿನ ದಾರಿ ತೆರವಾಗಬೇಕು, ಯಾರಾದರೂ ಜಾರಿ ಬಿದ್ದರೆ ಹೊಣೆ ನಮ್ಮದು. ಹಾಗೆ ಸಲಿಕೆ ಹಿಡಿದು ಹಿಮ ಎಳೆಯುವಾಗಲೇ ನಮ್ಮವರಿಗೆ ಎರಡನೆಯ ಮಹಡಿಯ ತರುಣ ದಂಪತಿಯ ಗೆಳೆತನವಾಯಿತು.

ಇಲ್ಲಿ ಕನ್ನಡದವರಿಗೆ ಕೊರತೆಯಿಲ್ಲ. ಬೆಂಗಳೂರಿಗರು ಇಂದಿಗೂ ಮೈಕೋ ಎಂದೇ ಕರೆಯುವ ಕಾರ್ಖಾನೆಯ ಮೂಲ ಸಂಸ್ಥೆ ಬಾಷ್‌ನ ಮುಖ್ಯ ಕಚೇರಿ ಸ್ಟುಟ್‌ಗಾರ್ಟ್ ಮಗ್ಗುಲಿನ ಗೇರ್‌ಲಿಂಗೆನ್‌ನಲ್ಲಿದೆ. ಕಾರು ತಯಾರಿಕೆಯ ನಂಟಿನಿಂದಲೇ ನಮ್ಮ ಎಷ್ಟೋ ಎಂಜಿನಿಯರುಗಳು ಇಲ್ಲಿಗೆ ಬಂದಿದ್ದಾರೆ. ಯುಗಾದಿಗೆ ಒಬ್ಬರ ಮನೆಯಲ್ಲಿ ಸೇರಿದಾಗ ಒಬ್ಬರು ಹೋಳಿಗೆ, ಒಬ್ಬರು ಕೋಸಂಬರಿ, ನಾನು ಎಣ್ಣೆಗಾಯಿ. ಕಣ್ಣು ಮುಚ್ಚಿದರೆ ಹುಬ್ಬಳ್ಳಿಯಲ್ಲೇ ಇದ್ದೇವೆ ಅನ್ನಿಸುತ್ತಿತ್ತು. ಆ ಬಳಗ ಇಲ್ಲದಿದ್ದರೆ ಮೊದಲ ವರ್ಷ ಕಳೆಯುವುದು ಕಷ್ಟವಿತ್ತು. ಆದರೆ ಅದಷ್ಟರಲ್ಲೇ ಉಳಿದವರನ್ನೂ ಕಂಡಿದ್ದೇನೆ: ಬಂದು ಬಹಳ ಕಾಲವಾದರೂ ಪಕ್ಕದ ಮನೆಯವರು ಯಾರೆಂದು ತಿಳಿಯದವರು. ಅದು ನನಗೆ ಬೇಡವಾಗಿತ್ತು.

ಜನರೆಲ್ಲ ಕಲಿಯಬಹುದಾದ ಶಾಲೆಗಳು ಜರ್ಮನಿಯ ಎಷ್ಟೋ ಊರುಗಳಲ್ಲಿ ಇವೆ, ಫೋಕ್ಸ್‌ಹೋಕ್‌ಶೂಲೆ ಎನ್ನುತ್ತಾರೆ. ಭಾಷೆಯಿಂದ ಹೊಲಿಗೆಯ ತನಕ ಎಲ್ಲವೂ ಕಡಿಮೆ ಶುಲ್ಕಕ್ಕೆ. ಅಲ್ಲಿನ ಜರ್ಮನ್ ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಸಿರಿಯಾದ ಅಲೆಪ್ಪೊದಿಂದ ಬಂದವಳು. ಮನೆ ಬಿಟ್ಟು ಬರುವುದು ಎಂದರೆ ಏನೆಂದು ಅವಳಿಗೆ ಗೊತ್ತಿದ್ದಷ್ಟು ನನಗೆ ಎಂದೂ ಗೊತ್ತಾಗದು. ನಾನು ಬಯಸಿ ಬಂದವಳು, ಬೇಕೆಂದಾಗ ಹಿಂದಿರುಗಬಲ್ಲವಳು. ಅವಳೇ ನನ್ನನ್ನು ತುರ್ಕಿಯವರ ತರಕಾರಿ ಅಂಗಡಿಗೆ ಕರೆದೊಯ್ದಳು. 1961ರ ಒಪ್ಪಂದದಂತೆ ಕಾರ್ಖಾನೆ ಕೆಲಸಕ್ಕೆಂದು ಬಂದ ತುರ್ಕಿಯವರು ಈ ಊರಿನ ಊಟವನ್ನೂ ಬದಲಿಸಿದ್ದಾರೆ. ಎಳೆ ಬೆಂಡೆಕಾಯಿ, ಕೊತ್ತಂಬರಿಯ ದಪ್ಪ ಕಟ್ಟು, ತುಂಬಲಿಕ್ಕೆ ಹೇಳಿ ಮಾಡಿಸಿದ ಪುಟ್ಟ ಬದನೆಕಾಯಿ ಎಲ್ಲ ಅಲ್ಲಿ ಸಿಕ್ಕವು. ಅವಳು ಬದನೆಯ ತಿರುಳು ತೆಗೆದು ಅಕ್ಕಿ ತುಂಬುತ್ತಾಳೆ, ನಾನು ಸೀಳಿ ಶೇಂಗಾ, ಗುರೆಳ್ಳಿನ ಪುಡಿ ತುಂಬುತ್ತೇನೆ. ಒಂದೇ ಒಲೆಯ ಮುಂದೆ ನಿಂತು ಎರಡನ್ನೂ ಮಾಡಿದ ಸಂಜೆ, ಕೆಳಮನೆಯ ಅಜ್ಜಿಯನ್ನೂ ಕರೆದೆವು.

ಮರುವಾರ ಅಜ್ಜಿಯ ಸರದಿ. ಈ ಸೀಮೆಯ ಮುಖ್ಯ ಊಟ, ಬೇಯಿಸಿದ ಇಡೀ ಮಸೂರ ಮತ್ತು ಶ್ಪೆಟ್ಸ್‌ಲೆ. ಮೊಟ್ಟೆ ಹಾಕಿದ ಮೈದಾ ಹಿಟ್ಟನ್ನು ಹಲಗೆಯ ಮೇಲೆ ಹರಡಿ, ಚೂರಿಯಿಂದ ಸಣ್ಣ ಎಳೆಯಾಗಿ ಕುದಿಯುವ ನೀರಿಗೆ ಸವರುತ್ತಾರೆ. ಬೆಂದ ಕೂಡಲೇ ಮೇಲೆ ತೇಲುತ್ತದೆ. ಜೊತೆಗೆ ಹಾಕುವ ಸಾಸೇಜನ್ನು ನನಗಾಗಿ ಬಿಟ್ಟಿದ್ದರು. ಬೇಳೆ ಇವರಿಗೂ ಇಷ್ಟು ಆಪ್ತವೆಂದು ನನಗೆ ಗೊತ್ತೇ ಇರಲಿಲ್ಲ. ಸುಣ್ಣಕಲ್ಲಿನ ಶ್ವಾಬಿಯ ಗುಡ್ಡಗಳಲ್ಲಿ ಹಿಂದೆ ಮಸೂರ ಬೆಳೆಯುತ್ತಿದ್ದರಂತೆ. 1960ರ ದಶಕಕ್ಕೆ ಬೇಸಾಯ ನಿಂತು ಸ್ಥಳೀಯ ತಳಿಗಳೇ ಇಲ್ಲವಾದವು. 2006ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿರುವ ವಾವಿಲೋವ್ ಬೀಜ ಭಂಡಾರದಲ್ಲಿ ಆ ತಳಿಗಳು ಸಿಕ್ಕು, ಮತ್ತೆ ಇಲ್ಲಿನ ಹೊಲಕ್ಕೆ ಬಂದವು. ಇದನ್ನು ಹೇಳುವಾಗ ಅಜ್ಜಿಯ ಮುಖ ಅರಳಿತ್ತು. ಕಳೆದುಹೋದ ಮೊಮ್ಮಗು ಮನೆಗೆ ಬಂದಷ್ಟು ಸಂಭ್ರಮ ಅವರಿಗೆ.

ಊಟದ ನಡುವೆ, ಧಾರವಾಡದಲ್ಲಿ ಕಿಟ್ಟೆಲ್ ಹೆಸರಿನ ಕಾಲೇಜಿದೆ ಎಂದು ನಾನು ಹೇಳಿದ್ದೇ ತಡ, ಆ ಕಿಟ್ಟೆಲ್ ಯಾರು, ಎಲ್ಲಿಯವರು ಎಂದು ಕೇಳತೊಡಗಿದರು. ಉತ್ತರ ಜರ್ಮನಿಯಲ್ಲಿ ಹುಟ್ಟಿ, 1853ರಲ್ಲಿ ನಮ್ಮ ನಾಡಿಗೆ ಬಂದು, ಸುಮಾರು 70,000 ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟು ಕಟ್ಟಿ, 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದವರು. ಕೊನೆಯ ದಿನಗಳನ್ನು ಕಳೆದದ್ದು ಇಲ್ಲೇ ಟ್ಯೂಬಿಂಗೆನ್‌ನಲ್ಲಿ ಎಂದೆ. “ಟ್ಯೂಬಿಂಗೆನ್? ಅಲ್ಲಿಗೆ ರೈಲಿನಲ್ಲಿ ಒಂದು ಗಂಟೆ!” ಎಂದು ಅಜ್ಜಿ ಎದ್ದೇ ನಿಂತರು.

ಹಾಗೆ ಒಂದು ಶನಿವಾರ ನಾವು ಮೂವರು ಹೆಂಗಸರು ರೈಲು ಹತ್ತಿದೆವು. ದಾರಿ ನೆಕ್ಕಾರ್ ನದಿಯ ಜೊತೆಗೇ ಸಾಗುತ್ತದೆ. ಮೊದಲು ಎಸ್ಲಿಂಗೆನ್, ಗುಡ್ಡದ ತುಂಬ ದ್ರಾಕ್ಷಿಯ ಸಾಲು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡಕ್ಕೆ ಮೊದಲ ಪತ್ರಿಕೆ ಕೊಟ್ಟ ಹರ್ಮನ್ ಮೋಗ್ಲಿಂಗ್ ತೀರಿಕೊಂಡದ್ದು ಈ ಊರಲ್ಲಿ, 1881ರಲ್ಲಿ. ಪ್ರತಿವರ್ಷ ಜುಲೈ 1ನ್ನು ನಾವು ಪತ್ರಿಕಾ ದಿನವೆಂದು ಆಚರಿಸುವುದು ಅದೇ ನೆನಪಿಗೆ ಎಂದು ಹೇಳಿದಾಗ ಅಜ್ಜಿ ಕಿಟಕಿಯಿಂದ ಕಣ್ಣು ಕೀಳಲಿಲ್ಲ. ಆಯುಷ್ಯವೆಲ್ಲ ಈ ದಾರಿಯಲ್ಲಿ ಓಡಾಡಿದವರು ಅವರು.

ಟ್ಯೂಬಿಂಗೆನ್‌ನಲ್ಲಿ ನದಿಯ ದಡಕ್ಕೆ ಒತ್ತಿಕೊಂಡು ಬಣ್ಣಬಣ್ಣದ ಹಳೆಯ ಮನೆಗಳು, ಪಕ್ಕದಲ್ಲೇ ಕವಿ ಹ್ಯೋಲ್ಡರ್ಲಿನ್ ಬಾಳಿನ ಕೊನೆಯ ಅರ್ಧ ಕಳೆದ ಹಳದಿ ಗೋಪುರ. ವಿದ್ಯಾರ್ಥಿಗಳು ಉದ್ದನೆಯ ಗಳ ಊರಿ ಚಪ್ಪಟೆ ದೋಣಿ ನಡೆಸುತ್ತಿದ್ದರು. ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1477ರಲ್ಲಿ. ಸ್ಥಾಪಿಸಿದವರು ಅದೇ ಕೌಂಟ್ ಎಬರ್‌ಹಾರ್ಡ್, ನಮ್ಮ ಮೆಟ್ಟಿಲ ಸರದಿಗೆ ಕಾರಣರಾದವರು. ಮೋಗ್ಲಿಂಗ್ ಓದಿದ್ದೂ ಇಲ್ಲಿಯೇ. ಕಿಟ್ಟೆಲ್ ಅವರ ಕನ್ನಡ ವ್ಯಾಕರಣ ಬೆಳಕು ಕಂಡದ್ದು 1903ರಲ್ಲಿ, ಅವರು ಈ ಊರಲ್ಲಿ ಕಣ್ಣು ಮುಚ್ಚಿದ್ದೂ ಅದೇ ವರ್ಷ. ಕಲ್ಲು ಹಾಸಿದ ಏರು ಓಣಿಯಲ್ಲಿ ನಡೆಯುತ್ತ ನಾನು ಯೋಚಿಸಿದ್ದು ಅವರ ಮೊದಲ ದಿನಗಳನ್ನು. ಇಪ್ಪತ್ತರ ಆಸುಪಾಸಿನ ಹುಡುಗ, ಅರ್ಥವಾಗದ ಮಾತಿನ ನಡುವೆ ಬಂದಿಳಿದಾಗ ಅವರಿಗೆ ಮೊದಲ ಶಬ್ದ ಹೇಳಿಕೊಟ್ಟವರು ಯಾರು? ಯಾರ ಜಗಲಿಯಲ್ಲಿ ಕೂತು ಗಾದೆ ಕೇಳಿಸಿಕೊಂಡರು? ಆ ನೆರೆಯವರ ಹೆಸರು ಯಾವ ಪುಟದಲ್ಲೂ ಇಲ್ಲ. ಅವರಿಲ್ಲದೆ ಆ ನಿಘಂಟೂ ಇಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ನದಿ ದಂಡೆಯ ಗೋಡೆಯ ಮೇಲೆ ಕೂತು ಚಪಾತಿ, ಚಟ್ನಿಪುಡಿ ಬಿಚ್ಚಿದೆವು. ಅಲೆಪ್ಪೊದ ಗೆಳತಿ ಖರ್ಜೂರ ತಂದಿದ್ದಳು. ಅಜ್ಜಿ ನನ್ನ ಫೋನಿನಲ್ಲಿ ಕಿಟ್ಟೆಲ್ ಕಾಲೇಜಿನ ಕಲ್ಲು ಕಟ್ಟಡ ನೋಡಿದರು, ಮುಂದಿನ ಚಿತ್ರದಲ್ಲಿದ್ದ ನಮ್ಮ ಮನೆಯ ಅಂಗಳವನ್ನೂ ದೊಡ್ಡದು ಮಾಡಿ ನೋಡಿದರು. ಆಮೇಲೆ, ಪಾಠ ಮಾಡುವವರ ಸ್ಪಷ್ಟ ದನಿಯಲ್ಲಿ, ಧಾರವಾಡಕ್ಕೆ ಬರಲು ಯಾವ ತಿಂಗಳು ಒಳ್ಳೆಯದು ಎಂದು ಕೇಳಿದರು. ಜನವರಿ ಎಂದೆ. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮಾದಲಿ ಇರುತ್ತವೆ, ಬಿಸಿಲೂ ಹಿತ.

ಈಗ ಟಿಕೆಟ್ ನೋಡುತ್ತಿದ್ದೇವೆ. ಅಜ್ಜಿಯ ಪಾಸ್‌ಪೋರ್ಟ್ ಹೊಸದಾಗಿ ಬಂದಿದೆ, ಅವರ ಗಿಡಗಳಿಗೆ ನೀರು ಹಾಕಲು ಎರಡನೆಯ ಮಹಡಿಯವರು ಒಪ್ಪಿದ್ದಾರೆ, ಆ ವಾರದ ನಮ್ಮ ಕೇರ್‌ವೋಖೆಯನ್ನೂ ಅವರೇ ವಹಿಸಿಕೊಂಡಿದ್ದಾರೆ. ಸುದ್ದಿ ಕೇಳಿದ ಅವ್ವ ಫೋನಿನಲ್ಲಿ ಬೇರೇನೂ ವಿಚಾರಿಸಲಿಲ್ಲ. “ಬರಲೇಳು, ಚೊಲೋ ಆತು. ಖಾರ ತಿಂತಾರೇನು ಅವರು?” ಎಂದಷ್ಟೇ ಕೇಳಿದಳು. ತಿನ್ನುತ್ತಾರೆ ಎಂದೆ.