ಹಲಸಿನ ಪಕ್ಕಾಸು

ಬೆಳ್ತಂಗಡಿ ತಾಲೂಕಿನಲ್ಲಿ ನಾನು ಕಲಿತ ಹೈಸ್ಕೂಲಿನ ಹಂಚಿನ ಶೆಡ್ಡನ್ನು ಮೊನ್ನೆ ಜೆಸಿಬಿ ಕೆಡವಿತು. ಮರವನ್ನು ಸೌದೆಯ ಲೆಕ್ಕಕ್ಕೆ ಕೊಟ್ಟರಂತೆ. ಕಡತದಲ್ಲಿ ಅದನ್ನು ಗುತ್ತಿಗೆದಾರರು ಕಟ್ಟಿದ್ದೆಂದು ಬರೆದಿದೆಯಂತೆ. ಸುಳ್ಳು. ಕಟ್ಟಿದವರು ಒಂಬತ್ತನೇ ತರಗತಿಯ ಹನ್ನೊಂದು ಹುಡುಗರು ಮತ್ತು ಮೂಡುಬಿದಿರೆ ಕಡೆಯ ಬಡಗಿ ಆಚಾರ್ರು.

ಮರ ಬಂದದ್ದು ಬಂಟ್ವಾಳ ಪೇಟೆಯಿಂದ. 1974ರಲ್ಲಿ ನೇತ್ರಾವತಿಯ ನೆರೆಗೆ ಕುಸಿದ ಮನೆಯೊಂದರ ಮಾಡಿನ ಮರ ಹಿತ್ತಲಲ್ಲಿ ವರ್ಷಗಟ್ಟಲೆ ರಾಶಿ ಬಿದ್ದಿತ್ತು. ಆಚಾರ್ರು ಒಂದೊಂದೇ ಪಕ್ಕಾಸನ್ನು ಬೆರಳ ಗೆಣ್ಣಿನಿಂದ ಕುಟ್ಟಿ ಕಿವಿಗೊಟ್ಟರು. ಯಜಮಾನರು ಹೇಳಿದ ರೇಟಿಗೆ ಚೌಕಾಸಿ ಮಾಡಲಿಲ್ಲ. "ಮಕ್ಕಳು ಕಲಿಯಲಿಕ್ಕೆ, ಧಣಿಗಳೇ" ಎಂದಷ್ಟೇ ಹೇಳಿ, ಎಲೆಯಡಿಕೆ ಹಾಕಿಕೊಂಡು ಜಗಲಿಯ ತುದಿಯಲ್ಲಿ ಕೂತುಬಿಟ್ಟರು. ಅರ್ಧ ಗಂಟೆ ಮಾತಿಲ್ಲ. ಕೊನೆಗೆ ಯಜಮಾನರೇ ರೇಟನ್ನು ಅರ್ಧಕ್ಕಿಳಿಸಿ, ಮೇಲೊಂದು ದಾರಂದವನ್ನೂ ಪುಕ್ಕಟೆ ಕೊಟ್ಟರು.

ಹೊಗೆ ಹಿಡಿದು ಕಪ್ಪಾಗಿದ್ದ ಹಲಸಿನ ಮರ. ಆಚಾರ್ರು ಕೀಸುಳಿ ಒತ್ತಿ ಒಮ್ಮೆ ಎಳೆದರೆ ಒಳಗೆ ಅರಸಿನ ಬಣ್ಣ! ಸುರುಳಿ ಸುರುಳಿಯಾಗಿ ಚಕ್ಕೆ ಬೀಳುತ್ತಿತ್ತು. ಅದರ ಪರಿಮಳ ಹಣ್ಣಿನದಲ್ಲ. ಒಣಗಿದ, ತುಸು ಸಿಹಿಯಾದ, ಮಳೆಗಾಲದ ಅಟ್ಟದಂಥ ಪರಿಮಳ. ರಾತ್ರಿ ಗಂಜಿ ಉಣ್ಣುವಾಗಲೂ ಕೈಯಲ್ಲಿ ಅದೇ.

"ನಾರು ಯಾವ ಕಡೆ ಓಡ್ತದೆ ನೋಡು ಮಗಾ. ಎದುರು ಕೀಸಿದರೆ ಮರ ಸಿಟ್ಟು ಮಾಡ್ತದೆ" ಎನ್ನುತ್ತಿದ್ದರು. ಅಡಿಪಟ್ಟಿ ಅವರಿಗೆ ಬೇಡ; 24 ಅಂಗುಲದ ಕೋಲೇ ಸಾಕು. ಮರಕ್ಕೆ ಮರವನ್ನೇ ಕಚ್ಚಿಸುವುದನ್ನು ಕಲಿಯಲು ನನಗೆ ಎರಡು ತಿಂಗಳು ಹಿಡಿಯಿತು. ಒಂದು ಭಾನುವಾರ ನಮ್ಮನ್ನು ಮೂಡುಬಿದಿರೆಯ ಚೌಟರ ಅರಮನೆಗೆ ಕರೆದೊಯ್ದರು. ಒಂಬತ್ತು ಹೆಂಗಸರು ಸೇರಿ ಆನೆಯಾದ ನವನಾರೀಕುಂಜರ, ಐವರು ಸೇರಿ ಕುದುರೆಯಾದ ಪಂಚನಾರೀತುರಗ, ಎರಡೂ ಮರದ ಕೆತ್ತನೆ. ಆಚಾರ್ರು ಏನೂ ವಿವರಿಸಲಿಲ್ಲ. ಕಂಬದ ಮುಂದೆ ಕೈಮುಗಿದು ನಿಂತರು.

ಆ ಕಾಲ ಚಂದವಿತ್ತು ಎಂದು ಬರೆದು ಮುಗಿಸಲು ಮನಸ್ಸು ಒಪ್ಪುವುದಿಲ್ಲ. ಆಚಾರ್ರಿಗೆ ಸಿಗುತ್ತಿದ್ದದ್ದು ದಿನಗೂಲಿ. ಮೇಷ್ಟ್ರುಗಳ ಕೋಣೆಯೊಳಗೆ ಅವರು ಕೂತದ್ದನ್ನು ನಾನು ಕಂಡಿಲ್ಲ. ಚಹಾ ಕುಡಿದದ್ದು ಹೊರಗಿನ ಕಟ್ಟೆಯ ಮೇಲೆ. ನಮ್ಮ ಕ್ಲಾಸಿನ ಹುಡುಗಿಯರು ಚಕ್ಕೆ ಗುಡಿಸಿದರೇ ಹೊರತು ಅವರ ಕೈಗೆ ಯಾರೂ ಉಳಿ ಕೊಡಲಿಲ್ಲ. ನನಗೂ ಆಗ ಅದು ತಪ್ಪೆನಿಸಲಿಲ್ಲ. ಅಪ್ಪನಿಂದ ಮಗನಿಗೆ ಮಾತ್ರ ಹೋಗುತ್ತಿದ್ದ ವಿದ್ಯೆಯನ್ನು ನಮ್ಮಂಥ ಪರರ ಮಕ್ಕಳಿಗೆ ಧಾರೆಯೆರೆದ ಆಚಾರ್ರ ಸ್ವಂತ ಮಗ ಗಲ್ಫಿಗೆ ಹೋದ. ಹೋದದ್ದು ಸರಿಯೇ, ತಕ್ಕ ಕೂಲಿಯೂ ಇಲ್ಲದ, ಕುರ್ಚಿಯೂ ಇಲ್ಲದ ಕಸುಬಿನಲ್ಲಿ ಯಾಕೆ ಉಳಿಯಬೇಕು?

ಕಲಿಯಬೇಕೆಂದವರಿಗೆ ಈಗಲೂ ಕಾರ್ಕಳದ ಮಿಯಾರಿನಲ್ಲಿ ಕೆನರಾ ಬ್ಯಾಂಕಿನ ಸಿ.ಇ. ಕಾಮತ್ ಕುಶಲಕರ್ಮಿಗಳ ಸಂಸ್ಥೆ ಉಂಟು. ಆದರೆ ಶಾಲೆಗಳಲ್ಲಿ? ಮಕ್ಕಳ 'ಪ್ರಾಜೆಕ್ಟ್' ಅಂದರೆ ಅಂಗಡಿಯಿಂದ ತಂದ ಥರ್ಮೋಕೋಲ್, ಅದನ್ನು ಕತ್ತರಿಸುವವರು ಅಪ್ಪ ಅಮ್ಮ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯ ಮಕ್ಕಳು ಹತ್ತು ದಿನ ಚೀಲವಿಲ್ಲದೆ ಊರಿನ ಬಡಗಿ, ಕುಂಬಾರರ ಬಳಿ ಕಲಿಯಲಿ ಎನ್ನುತ್ತದೆ. ಹತ್ತು ದಿನದಲ್ಲಿ ಉಳಿ ಹಿಡಿಯಲಿಕ್ಕಷ್ಟೇ ಬಂದೀತು.

ಆದರೂ ಹೆಡ್‌ಮಾಸ್ಟರರಲ್ಲಿ ಕೇಳಿಕೊಳ್ಳುತ್ತೇನೆ: ಆ ಹತ್ತು ದಿನವನ್ನಾದರೂ ಕೊಡಿ. ನಿಮ್ಮೂರಿನ ಆಚಾರ್ರನ್ನು ಕರೆಯಿರಿ, ಮೇಷ್ಟ್ರುಗಳ ಕೋಣೆಯಲ್ಲಿ ಕುರ್ಚಿ ಹಾಕಿ ಕೂರಿಸಿ. ಹುಡುಗಿಯರ ಕೈಗೂ ಉಳಿ ಕೊಡಿ.