ಡಿಸ್ಕ್ ಸತ್ತಿಲ್ಲ, ಮಾಮಾ

ಎಳ್ಳಮಾವಾಸ್ಯೆಗೆ ಕಮಲಾಪುರಕ್ಕೆ ಹೋಗಿದ್ದೆ. ಹೊಲದಲ್ಲಿ ಬಜ್ಜಿ, ಸಜ್ಜಿ ರೊಟ್ಟಿ ಹೊಡೆದು ಮನೆಗೆ ಬಂದು ಕಾಲು ಚಾಚಿ ಕೂತಿದ್ದೆ. ಮಾಮಾ ಹಳೆ ಲ್ಯಾಪ್‌ಟಾಪ್ ತಂದು ಮುಂದಿಟ್ಟರು. "ಚಾಲೂ ಆಗ್ತದ, ಒಳಗ ಹೋಗಲ್ಲ. ನೀಲಿ ಪರದಾ ಬರ್ತದ, ಆಮ್ಯಾಲ ರಿಪೇರಿ ಅಂತದ, ಮತ್ತ ನೀಲಿ. ಇಂಜಿನಿಯರಿಂಗ್ ಓದ್ಲಿಕತ್ತಿ, ನೀನೇ ನೋಡು ಅಳಿಯಾ."

ಮಾಮಾಂದು ಝೆರಾಕ್ಸ್ ಅಂಗಡಿ. ಪಹಣಿ ಪ್ರಿಂಟ್, ಅರ್ಜಿ ಟೈಪಿಂಗ್, ಸ್ಕಾಲರ್‌ಶಿಪ್ ಫಾರ್ಮ್, ಎಲ್ಲಾ ಅದೇ ಲ್ಯಾಪ್‌ಟಾಪಿನಲ್ಲಿ. ಬರೋರಲ್ಲಿ ಅರ್ಧ ಜನ ಉದ್ರಿ. "ತೊಗರಿ ರಾಶಿ ಆದ ಮ್ಯಾಲ ಕೊಡ್ತೀನಿ", "ಬಾಳಿ ಗೊನಿ ಮಾರಿದ ಮ್ಯಾಲ ಕೊಡ್ತೀನಿ" ಅಂತ ಹೇಳಿ ಹೋಗ್ತಾರೆ. ಕಮಲಾಪುರ ಅಂದ್ರೆ ಕೆಂಪು ಬಾಳೆಯ ಊರಲ್ವಾ. ಆ ಉದ್ರಿ ಲೆಕ್ಕ ಪೂರ್ತಿ ಒಂದು ಎಕ್ಸೆಲ್ ಫೈಲಿನಲ್ಲಿತ್ತು. ಬೇರೆಲ್ಲೂ ಕಾಪಿ ಇರಲಿಲ್ಲ.

ನನಗೆ ಸ್ವಲ್ಪ ಹವಾ ಜಾಸ್ತಿ. "ಬಿಡ್ರಿ ಮಾಮಾ, ಒಂದು ತಾಸಿನ ಕೆಲಸ" ಅಂದೆ. ಲ್ಯಾಪ್‌ಟಾಪ್ 2017ರದ್ದು, ಏಳನೇ ತಲೆಮಾರಿನ ಇಂಟೆಲ್ ಪ್ರೊಸೆಸರ್. ವಿಂಡೋಸ್ 11 ಅದನ್ನು ಒಪ್ಪಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ ಪೆನ್‌ಡ್ರೈವ್‌ನಿಂದ ಲಿನಕ್ಸ್ ಮಿಂಟ್ ಲೈವ್ ಶುರು ಮಾಡೋದು, ಮೊದಲು ಫೈಲ್ ಕಾಪಿ ಮಾಡೋದು, ಆಮೇಲೆ ಇನ್‌ಸ್ಟಾಲ್ ಮಾಡೋದು ಅಂತ ಲೆಕ್ಕ ಹಾಕಿ ಅದನ್ನು ಕಲಬುರಗಿಗೆ, ನನ್ನ ಹಾಸ್ಟೆಲ್ ರೂಮಿಗೆ ತಂದೆ.

ಮಿಂಟ್ ಚೆನ್ನಾಗೇ ಶುರುವಾಯ್ತು. ಇನ್‌ಸ್ಟಾಲರ್ ತೆರೆದೆ. ಪಟ್ಟಿಯಲ್ಲಿ ಇದ್ದದ್ದು ನನ್ನ ಪೆನ್‌ಡ್ರೈವ್ ಒಂದೇ. 256 ಜಿಬಿ ಎಸ್‌ಎಸ್‌ಡಿ ಮಾಯ. ರೀಸ್ಟಾರ್ಟ್ ಮಾಡಿದೆ, ಪೆನ್‌ಡ್ರೈವ್ ಬದಲಿಸಿದೆ, ಮಿಂಟ್ ಬಿಟ್ಟು ಉಬುಂಟು ಹಾಕಿದೆ. ಹಿಂಬದಿ ತೆಗೆದು ಎಸ್‌ಎಸ್‌ಡಿಯನ್ನು ಬಿಚ್ಚಿ ಮತ್ತೆ ಕೂಡಿಸಿದೆ. ಏನೂ ಇಲ್ಲ. ರೂಮ್‌ಮೇಟ್ ಮಂಚದ ಮೇಲಿಂದಲೇ ತೀರ್ಪು ಕೊಟ್ಟ: "ಡಿಸ್ಕ್ ಸತ್ತದಲೇ." ನಾನು ಆ ರಾತ್ರಿಯೇ ಮಾಮಾಗೆ ಫೋನ್ ಮಾಡಿ ಅದೇ ಮಾತನ್ನು ನನ್ನ ಮಾತು ಅನ್ನೋ ಹಾಗೆ ಹೇಳಿಬಿಟ್ಟೆ. ಡಿಸ್ಕ್ ಹೋಗಿದೆ, ಹೊಸದು ಹಾಕಬೇಕು, ಒಳಗಿನದ್ದು ಬರಲ್ಲ.

ಮಾಮಾ ಒಂದು ಕ್ಷಣ ಮಾತಾಡಲಿಲ್ಲ. ಆಮೇಲೆ "ಆಯ್ತು ಬಿಡು, ನೀ ಊಟ ಮಾಡು" ಅಂದರು. ಬೈದಿದ್ದರೆ ನಿದ್ದೆ ಬರ್ತಿತ್ತೇನೋ.

ಮಲಗಿದಾಗ ಒಂದು ಪ್ರಶ್ನೆ ಕೊರೀತಾ ಇತ್ತು. ಡಿಸ್ಕ್ ಸತ್ತಿದ್ದರೆ ವಿಂಡೋಸ್‌ನ ಆ ತಿರುಗೋ ಚುಕ್ಕಿಗಳು ಎಲ್ಲಿಂದ ಬರ್ತಿವೆ? ಆ ನೀಲಿ ಪರದೆ? ಅವು ಬರೋದು ಡಿಸ್ಕಿನಿಂದಲೇ. ಅಂದ್ರೆ ಯಾರಿಗೋ ಡಿಸ್ಕ್ ಕಾಣ್ತಿದೆ, ಯಾರಿಗೋ ಕಾಣ್ತಿಲ್ಲ. ಯಾರಿಗೆ ಅನ್ನೋದನ್ನು ನಾನು ಕೇಳೇ ಇರಲಿಲ್ಲ.

ಎದ್ದು ಒಂದೊಂದೇ ಹಂತ ನೋಡಿದೆ. ಬಯೋಸ್‌ಗೆ ಹೋದರೆ ಎಸ್‌ಎಸ್‌ಡಿಯ ಹೆಸರು, ಸೈಜು ಎಲ್ಲಾ ಅಲ್ಲಿದೆ. ಮಿಂಟ್‌ಗೆ ಬಂದು ಟರ್ಮಿನಲ್‌ನಲ್ಲಿ 'ಎಲ್‌ಎಸ್‌ಬಿಎಲ್‌ಕೆ' ಕೊಟ್ಟರೆ ಇಲ್ಲ. ಅಂದ್ರೆ ತಪ್ಪು ಇನ್‌ಸ್ಟಾಲರ್‌ದಲ್ಲ, ಕರ್ನಲ್‌ಗೇ ಡಿಸ್ಕ್ ಕಾಣ್ತಿಲ್ಲ. ಕರ್ನಲ್ ಏನು ಹೇಳ್ತಿದೆ ಅಂತ 'ಡಿಮೆಸ್ಗ್' ಕೊಟ್ಟೆ. ನೂರಾರು ಸಾಲು ಓಡಿದವು. ನಡುವೆ ಒಂದು ಸಾಲು: ಒಂದು ಎನ್‌ವಿಎಂಇ ಡಿವೈಸ್ ಮರೆಯಲ್ಲಿದೆ, ಬಳಸಬೇಕಾದರೆ ಬಯೋಸ್‌ನಲ್ಲಿ ರೇಡ್ ಬಿಟ್ಟು ಎಎಚ್‌ಸಿಐ ಮಾಡಿ. ಯಂತ್ರ ಮೊದಲ ದಿನದಿಂದ ಉತ್ತರ ಹೇಳ್ತಾನೇ ಇತ್ತು. ನಾನೇ ಓದಿರಲಿಲ್ಲ.

ಸಂಗತಿ ಇಷ್ಟು. ಎನ್‌ವಿಎಂಇ ಎಸ್‌ಎಸ್‌ಡಿ ಸಾಮಾನ್ಯವಾಗಿ ಪಿಸಿಐಇ ದಾರಿಯಲ್ಲಿ ತನ್ನದೇ ಬಾಗಿಲು ಇಟ್ಟುಕೊಂಡಿರುತ್ತೆ. ಬಯೋಸ್‌ನಲ್ಲಿ ಇಂಟೆಲ್‌ನ ರೇಡ್ ಮೋಡ್ ಆನ್ ಇದ್ದರೆ ಆ ಬಾಗಿಲು ಮುಚ್ಚಿ, ಸಾಟಾ ಕಂಟ್ರೋಲರ್‌ನ ಹಿಂದೆ ಅಡಗಿಸಿ ಇಡುತ್ತೆ. ಪಕ್ಕದ ಮನೆ ಒಳಗಿಂದ ಹಾದು ನಮ್ಮ ಮನೆಗೆ ಬಾ ಅಂದ ಹಾಗೆ. ಇಂಟೆಲ್ ಡ್ರೈವರ್‌ಗೆ ಆ ದಾರಿ ಗೊತ್ತು. ಲಿನಕ್ಸ್‌ಗೆ ಆ ದಾರಿಯಲ್ಲಿ ಹೋಗಲು ಬರಲ್ಲ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಇನ್‌ಸ್ಟಾಲರ್ ಕೂಡ ಆ ಡ್ರೈವರನ್ನು ಪೆನ್‌ಡ್ರೈವ್‌ನಿಂದ ಕೊಡೋವರೆಗೂ "ಡ್ರೈವ್ ಇಲ್ಲ" ಅಂತಲೇ ಹೇಳೋದು ಇದಕ್ಕೇ.

ಎಎಚ್‌ಸಿಐ ಮಾಡಿ ಸೇವ್ ಮಾಡಿದೆ. ಲಿನಕ್ಸ್ ಮುಂಚೆ ವಿಂಡೋಸೇ ಎದ್ದು ಕೂತಿತು! ಮಾಮಾ ಈ ಲ್ಯಾಪ್‌ಟಾಪ್ ತಗೊಂಡಿದ್ದು ಸೆಕೆಂಡ್ ಹ್ಯಾಂಡ್. ಯಾರೋ ಹಿಂದೆ ಎಎಚ್‌ಸಿಐ ಇಟ್ಟು ಅದರಲ್ಲಿ ವಿಂಡೋಸ್ ಹಾಕಿದ್ದರು. ಈಗ ಮೋಡ್ ರೇಡ್‌ಗೆ ತಿರುಗಿದ್ದಕ್ಕೆ ಅದಕ್ಕೂ ತನ್ನ ಡಿಸ್ಕ್ ಸಿಗದೆ ನೀಲಿ ಪರದೆ ಬರ್ತಿತ್ತು. ಉದ್ರಿ ಫೈಲ್ ಹಾಗೇ ಇತ್ತು. ಮೊದಲು ಅದನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡೆ. ಪಕ್ಕದಲ್ಲಿ ಜಾಗ ಮಾಡಿ ಮಿಂಟ್ ಕೂಡಿಸಿದೆ. ರವಿವಾರ ಕಮಲಾಪುರದ ಬಸ್ ಹಿಡಿದೆ.

ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಪ್ಲಗ್ ಚುಚ್ಚಿ ಆನ್ ಮಾಡಿದೆ. ಮಿಂಟ್ ಏಳಲೇ ಇಲ್ಲ, ಬೂಟ್ ಮೆನುವಿನಿಂದ ವಿಂಡೋಸ್ ಆರಿಸಿದರೆ ಮತ್ತೆ ಅದೇ ನೀಲಿ ಪರದೆ.

ಬೆವರು ಬಂತು. ಬಯೋಸ್ ತೆರೆದರೆ ಮತ್ತೆ ರೇಡ್. ಮೇಲೆ ತಾರೀಖು 2017 ಅಂತ ಇತ್ತು. ಹಾಸ್ಟೆಲಿನಲ್ಲಿ ಮೊದಲ ದಿನವೂ ಆ ತಾರೀಖು ನೋಡಿದ್ದೆ, ಹಳೇದಲ್ವಾ ಅಂತ ಬಿಟ್ಟಿದ್ದೆ. "ಮಾಮಾ, ಇದು ಕೆಟ್ಟಿದ್ದು ಯಾವಾಗ?" "ಲಗ್ನಕ್ಕ ಹೋಗಿದ್ದಿವಿ, ಎರಡು ದಿನ ಅಂಗಡಿ ಬಂದ್. ಪ್ಲಗ್ ತಗದಿದ್ದೆ. ಬಂದು ಹಚ್ಚಿದರ ಹಿಂಗ." ದೊಡ್ಡ ಬ್ಯಾಟರಿ ಯಾವಾಗಲೋ ಸತ್ತಿತ್ತು, ಒಳಗಿನ ಸೀಮಾಸ್ ಸೆಲ್ಲೂ ಸತ್ತಿತ್ತು. ಪ್ಲಗ್ ತೆಗೆದ ಕೂಡಲೇ ಬಯೋಸ್ ಎಲ್ಲಾ ಮರೆತು ಕಂಪನಿ ಸೆಟ್ಟಿಂಗ್‌ಗೆ ಹೋಗ್ತಿತ್ತು. ಮೋಡ್ ಬದಲಾಗಿದೆ ಅಂತ ಕಂಡುಹಿಡಿದಿದ್ದೆ. ಯಾಕೆ ಬದಲಾಯ್ತು ಅಂತ ಕೇಳಿರಲಿಲ್ಲ.

ಅವತ್ತು ಮೋಡ್ ಸರಿ ಮಾಡಿ ಫೈಲ್ ತೆರೆದು ತೋರಿಸಿದೆ. ಆಗ ಮಾಮಾ ಟೇಬಲ್ ಖಾನೆಯಿಂದ ಒಂದು ನೋಟ್‌ಬುಕ್ ತೆಗೆದರು. ನಾನು ಫೋನ್ ಮಾಡಿದ ರಾತ್ರಿ ಕೂತು ನೆನಪಿದ್ದಷ್ಟು ಉದ್ರಿ ಬರೆದಿಟ್ಟಿದ್ದರು. 26 ಹೆಸರು. ಫೈಲಿನಲ್ಲಿ 43 ಇದ್ದವು. ಇಬ್ಬರೂ ಕೂತು ತಾಳೆ ನೋಡಿದೆವು. ನನ್ನ ಒಂದು ಫೋನ್ ಕಾಲ್‌ಗೆ 17 ಜನರ ಬಾಕಿ ಹೋಗೋದಿತ್ತು. ಮಾಮಾ ಆ ಮಾತು ಎತ್ತಲಿಲ್ಲ. ನಾನೇ "ತಪ್ಪಾಯ್ತು ಮಾಮಾ, ನೋಡದೇ ಹೇಳಿದೆ" ಅಂದೆ.

ಮುಂದಿನ ವಾರ ಸೂಪರ್ ಮಾರ್ಕೆಟ್ ಕಡೆ ಒಂದು ಅಂಗಡಿಯಲ್ಲಿ ವೈರ್ ಇರೋ ಸೆಲ್ ಸಿಕ್ತು, 120 ರೂಪಾಯಿ. ಹಾಕಿದ ಮೇಲೆ ಪ್ಲಗ್ ತೆಗೆದು ಒಂದು ರಾತ್ರಿ ಬಿಟ್ಟು ನೋಡಿದೆ. ತಾರೀಖು ಸರಿಯಿತ್ತು, ಮೋಡೂ ಸರಿಯಿತ್ತು.

ಜೂನಿಯರ್ಸ್‌ಗೆ ಒಂದು ಮಾತು. ನಿಮ್ಮದು ರೇಡ್‌ನಲ್ಲೇ ಸರಿಯಾಗಿ ಓಡ್ತಿರೋ ವಿಂಡೋಸ್ ಆಗಿದ್ದರೆ ಸೀದಾ ಎಎಚ್‌ಸಿಐ ಮಾಡಬೇಡಿ, ನೀಲಿ ಪರದೆ ಬರುತ್ತೆ. ಮೊದಲು ಫೈಲ್ ಕಾಪಿ ಮಾಡಿ, ಬಿಟ್‌ಲಾಕರ್ ಇದ್ದರೆ ಅದರ ರಿಕವರಿ ಕೀ ಬರೆದಿಡಿ. ಮುಂದಿನ ಸಲ ಸೇಫ್ ಮೋಡ್‌ನಲ್ಲಿ ಏಳೋ ಹಾಗೆ ಸೆಟ್ ಮಾಡಿ, ರೀಸ್ಟಾರ್ಟ್ ಮಾಡಿ, ಆಗ ಬಯೋಸ್‌ನಲ್ಲಿ ಮೋಡ್ ಬದಲಿಸಿ. ಒಮ್ಮೆ ಸೇಫ್ ಮೋಡ್‌ನಲ್ಲಿ ಎದ್ದ ಮೇಲೆ ಅದನ್ನು ತೆಗೆದುಹಾಕಿ.

ಮಾಮಾ ಈಗಲೂ ಆ ನೋಟ್‌ಬುಕ್ ಬಿಟ್ಟಿಲ್ಲ. "ಕಂಪ್ಯೂಟರಿನಾಗೂ ಇರಲಿ, ಬುಕ್ಕಿನಾಗೂ ಇರಲಿ" ಅಂತಾರೆ. ಪೆನ್‌ಡ್ರೈವ್ ಕಾಪಿ ನನ್ನ ಹತ್ತಿರ ಇದೆ.