ಬಣ್ಣದ ಕೆಳಗೆ

ಕಬ್ಬಿಣವನ್ನು ಕಾಯಿಸಿ, ಬಡಿದು, ಬೇಕಾದ ಆಕಾರಕ್ಕೆ ತರಲು ಕಲಿತ ಮಾನವನಿಗೆ ಅಂದಿನಿಂದಲೇ ಒಬ್ಬ ಶತ್ರುವೂ ಗಂಟುಬಿದ್ದನು. ಆ ಶತ್ರುವಿನ ಹೆಸರು ತುಕ್ಕು. ಅದಕ್ಕೆ ಸದ್ದಿಲ್ಲ, ಅವಸರವಿಲ್ಲ, ಪಕ್ಷಪಾತವೂ ಇಲ್ಲ. ರೈತನ ಕುಡುಗೋಲನ್ನು ತಿನ್ನುವ ತುಕ್ಕೇ ಸಾಗರದಲ್ಲಿ ತೇಲುವ ಹಡಗನ್ನೂ ತಿನ್ನುತ್ತದೆ. ಎಷ್ಟೇ ಬೆಲೆಬಾಳುವ ವಾಹನವಾಗಲಿ, ಅದರ ಮೈ ಕಬ್ಬಿಣದ್ದಾದರೆ ತುಕ್ಕಿನ ಕಣ್ಣು ತಪ್ಪಿಸಿಕೊಳ್ಳಲಾರದು.

ಅಮೆರಿಕದ ಮಿಷಿಗನ್ ರಾಜ್ಯದಲ್ಲಿರುವ ಡೆಟ್ರಾಯಿಟ್ ನಗರವು ಮೋಟಾರು ಕಾರುಗಳ ತವರೆಂದು ಲೋಕಪ್ರಸಿದ್ಧವಾದುದು. ಅದರ ಸಮೀಪದಲ್ಲಿಯೇ ಪಾಂಟಿಯಾಕ್ ಎಂಬ ಊರಿದೆ. ಆ ಊರಿನ ಹೆಸರನ್ನೇ ಹೊತ್ತಿದ್ದ ಜನರಲ್ ಮೋಟಾರ್ಸ್ ಸಂಸ್ಥೆಯ ವಿಭಾಗವು 1964ರ ಮಾದರಿಯಾಗಿ ಜಿ.ಟಿ.ಒ. ಎಂಬ ಕಾರನ್ನು ಹೊರತಂದಿತು. ನಡುಗಾತ್ರದ ಮೈ, ಅದರೊಳಗೆ ದೊಡ್ಡ ಕಾರಿನ ಎಂಜಿನು. ಭಾರತದ ರಸ್ತೆಗಳಲ್ಲಿ ಆಗ ಓಡುತ್ತಿದ್ದ ಅಂಬಾಸಿಡರ್ ಕಾರಿನ ಎಂಜಿನು ಸುಮಾರು ಒಂದೂವರೆ ಲೀಟರಿನದಾದರೆ, ಇದರದು ಸುಮಾರು 6.4 ಲೀಟರಿನದು, ಅದರ ಬಲ 325 ಅಶ್ವಶಕ್ತಿ. ಇಂತಹ ಕಾರುಗಳಿಗೆ 'ಮಸಲ್ ಕಾರು' ಎಂಬ ಹೆಸರು ಬಂದಿತು. ಕನ್ನಡದಲ್ಲಿ 'ಜಟ್ಟಿ ಕಾರು' ಎಂದರೆ ತಪ್ಪಾಗಲಾರದು. ಇತರ ಕಂಪನಿಗಳೂ ಇದೇ ದಾರಿ ಹಿಡಿದವು. ಆದರೆ ಈ ಜಟ್ಟಿಗಳ ಮೆರೆದಾಟ ಹೆಚ್ಚು ಕಾಲ ನಡೆಯಲಿಲ್ಲ. ವಿಮೆಯ ದರ ಏರಿತು. ಹೊಗೆಯನ್ನು ಹತೋಟಿಯಲ್ಲಿಡುವ ಕಾನೂನುಗಳು ಬಂದವು. 1973ರಲ್ಲಿ ಪೆಟ್ರೋಲಿನ ಅಭಾವವೂ ತಲೆದೋರಿತು. ಪಾಂಟಿಯಾಕ್ ಎಂಬ ಹೆಸರೇ 2010ರಲ್ಲಿ ಮಾರುಕಟ್ಟೆಯಿಂದ ಮರೆಯಾಯಿತು. ಉಳಿದ ಹಳೆಯ ಕಾರುಗಳನ್ನು ಹುಡುಕಿ, ಬಿಚ್ಚಿ, ಮೊದಲಿನ ರೂಪಕ್ಕೆ ತರುವ ಹವ್ಯಾಸಿಗಳು ಇಂದಿಗೂ ಇದ್ದಾರೆ. ಅವರ ಮೊದಲ ಹೋರಾಟ ನಡೆಯುವುದು ತುಕ್ಕಿನೊಡನೆ.

ಆ ನಾಡಿನಲ್ಲಿ ಚಳಿಗಾಲದಲ್ಲಿ ಹಿಮ ಸುರಿಯುತ್ತದೆ. ರಸ್ತೆಯ ಮೇಲಿನ ಮಂಜುಗಡ್ಡೆಯನ್ನು ಕರಗಿಸಲು ಉಪ್ಪನ್ನು ಚೆಲ್ಲುತ್ತಾರೆ. ಡೆಟ್ರಾಯಿಟ್ ನಗರದ ಅಡಿಯಲ್ಲಿಯೇ, ಸಾವಿರ ಅಡಿಗೂ ಹೆಚ್ಚು ಆಳದಲ್ಲಿ, ಉಪ್ಪಿನ ಗಣಿಯೊಂದಿದೆ. ಕಾರುಗಳನ್ನು ಹೆತ್ತ ನೆಲದ ಹೊಟ್ಟೆಯಲ್ಲಿಯೇ ಅವುಗಳನ್ನು ತಿನ್ನುವ ಉಪ್ಪೂ ಅಡಗಿರುವುದು ಸೋಜಿಗವಲ್ಲವೇ? ಕಬ್ಬಿಣವು ನೀರು ಮತ್ತು ಆಮ್ಲಜನಕಗಳೊಡನೆ ಸೇರಿ ತುಕ್ಕಾಗುತ್ತದೆ. ನೀರಿನಲ್ಲಿ ಉಪ್ಪಿದ್ದರೆ ಈ ಕ್ರಿಯೆ ಇನ್ನೂ ಚುರುಕಾಗುತ್ತದೆ. ಅಲ್ಯೂಮಿನಿಯಂ ಲೋಹದ ಮೇಲೆ ಮೂಡುವ ತೆಳುಪದರವು ಒಳಗಿನ ಲೋಹಕ್ಕೆ ಕವಚವಾಗುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ಅದು ಉಬ್ಬಿ, ಬಿರಿದು, ಚಕ್ಕೆಯಾಗಿ ಉದುರುತ್ತದೆ. ಒಳಗಿನ ಹೊಸ ಲೋಹ ಮತ್ತೆ ಗಾಳಿನೀರಿಗೆ ತೆರೆದುಕೊಳ್ಳುತ್ತದೆ. ಆದುದರಿಂದ ತುಕ್ಕಿಗೆ ಆರಂಭವುಂಟು. ತಾನಾಗಿಯೇ ಬರುವ ಅಂತ್ಯವಿಲ್ಲ.

ಪಾಂಟಿಯಾಕ್ ಊರಿನ ಬಳಿ ಒಬ್ಬ ಹಿರಿಯರು ತಮ್ಮ ತಂದೆ 1966ರಲ್ಲಿ ಕೊಂಡ ಜಿ.ಟಿ.ಒ. ಕಾರನ್ನು ದುರಸ್ತಿ ಮಾಡಲು ತೊಡಗಿದರು. ತಂದೆ ತೀರಿಕೊಂಡು ಬಹಳ ಕಾಲವಾಗಿತ್ತು. ಕಾರು ಹಲವಾರು ವರ್ಷಗಳಿಂದ ಕೊಟ್ಟಿಗೆಯಲ್ಲಿ ಧೂಳು ಹಿಡಿದು ನಿಂತಿತ್ತು. ಹದಿನೈದು ವರ್ಷದ ಮೊಮ್ಮಗಳು ಅವರಿಗೆ ಸಹಾಯಕಿಯಾದಳು. ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ನೋಡುವಂತೆ, ಅಜ್ಜ ತಗಡನ್ನು ಅಂಗುಲ ಅಂಗುಲವಾಗಿ ತಟ್ಟಿ ಕಿವಿಗೊಡುತ್ತಿದ್ದರು. ಗಟ್ಟಿ ತಗಡು 'ಠಣ್' ಎನ್ನುತ್ತಿತ್ತು; ಕೆಟ್ಟ ತಗಡು 'ದಬ್' ಎನ್ನುತ್ತಿತ್ತು. ಮೊಮ್ಮಗಳು ಒಂದು ಪುಟ್ಟ ಅಯಸ್ಕಾಂತವನ್ನು ಬಣ್ಣದ ಮೇಲೆ ಸರಿಸುತ್ತಾ ಬಂದಳು.

ತುಕ್ಕು ತೆಗೆಯುವುದೆಂದರೆ ಉಜ್ಜುವುದಷ್ಟೇ ಎಂದು ಅವಳು ಭಾವಿಸಿದ್ದಳು. ಆದರೆ ಆ ತಗಡಿನ ದಪ್ಪ ಸುಮಾರು ಒಂದು ಮಿಲಿಮೀಟರಿನಷ್ಟೇ. ಯಂತ್ರಕ್ಕೆ ತಂತಿಯ ಬ್ರಷ್ಷನ್ನೋ ಉಜ್ಜುವ ಬಿಲ್ಲೆಯನ್ನೋ ಸಿಕ್ಕಿಸಿ ಅವಸರದಿಂದ ಉಜ್ಜಿದರೆ ತುಕ್ಕಿನೊಡನೆ ಒಳ್ಳೆಯ ಲೋಹವೂ ಸವೆಯುತ್ತದೆ. ಗಾಳಿಯ ಒತ್ತಡದಿಂದ ಹರಳುಗಳನ್ನು ಚಿಮ್ಮಿಸಿ ತುಕ್ಕನ್ನು ಉದುರಿಸುವ ವಿಧಾನವುಂಟು. ಒತ್ತಡ ಮಿತಿಮೀರಿದರೆ ಸಮತಟ್ಟಾದ ತಗಡು ಅಲೆಅಲೆಯಾಗಿ ಡೊಂಕಾಗುತ್ತದೆ. ಇದಕ್ಕೆ ಸಾಮಾನ್ಯ ಮರಳನ್ನು ಬಳಸಿದರೆ ಅದರ ನುಣ್ಣನೆಯ ಧೂಳು ಶ್ವಾಸಕೋಶವನ್ನು ಸೇರಿ ಸಿಲಿಕೋಸಿಸ್ ಎಂಬ ಗುಣವಾಗದ ರೋಗವನ್ನು ತರುತ್ತದೆ. ಹಳೆಯ ಬಣ್ಣದಲ್ಲಿ ಸೀಸವಿರುವ ಸಂಭವವೂ ಉಂಟು. ಆದುದರಿಂದ ಅಜ್ಜ ಮೊಮ್ಮಗಳ ಮುಖಕ್ಕೆ ತಕ್ಕ ಮುಸುಕನ್ನು ಕಟ್ಟದೆ ಕೆಲಸಕ್ಕೆ ಕೈಹಚ್ಚಗೊಡಲಿಲ್ಲ.

ಬಿಡಿಭಾಗಗಳಿಗೆ ಇನ್ನೂ ಸೌಮ್ಯವಾದ ಉಪಾಯಗಳಿವೆ. ಒಂದು ಪಾಲು ಕಾಕಂಬಿಗೆ ಸುಮಾರು ಒಂಬತ್ತು ಪಾಲು ನೀರು ಬೆರೆಸಿ, ತುಕ್ಕು ಹಿಡಿದ ವಸ್ತುವನ್ನು ಕೆಲವು ವಾರ ಮುಳುಗಿಸಿಟ್ಟರೆ ತುಕ್ಕು ಬಿಟ್ಟುಕೊಳ್ಳುತ್ತದೆ. ಲೋಹ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಹುಣಸೆಹಣ್ಣಿನಿಂದ ಹಿತ್ತಾಳೆಯ ಪಾತ್ರೆಯ ಕಿಲುಬನ್ನು ತೆಗೆಯುವವರಿಗೆ ಈ ಉಪಾಯ ತೀರ ಹೊಸದೆನಿಸದು. ವಾಷಿಂಗ್ ಸೋಡ ಕರಗಿಸಿದ ನೀರಿನಲ್ಲಿ ವಸ್ತುವನ್ನು ಋಣಧ್ರುವಕ್ಕೂ ಗುಜರಿ ಕಬ್ಬಿಣದ ತುಂಡನ್ನು ಧನಧ್ರುವಕ್ಕೂ ಜೋಡಿಸಿ ವಿದ್ಯುತ್ತನ್ನು ಹರಿಸುವುದು ಮತ್ತೊಂದು ವಿಧಾನ. ಆಗ ಹೊತ್ತಿಕೊಳ್ಳುವ ಗುಣವುಳ್ಳ ಜಲಜನಕ ಹೊರಬರುವುದರಿಂದ ಬಲ್ಲವರು ಅದನ್ನು ಬಯಲಿನಲ್ಲಿ ಮಾಡುತ್ತಾರೆ. ಯಾವ ವಿಧಾನವಾದರೂ ನಿಯಮ ಒಂದೇ: ಕೆಟ್ಟದ್ದು ಪೂರ್ಣವಾಗಿ ಹೋಗಬೇಕು, ಒಳ್ಳೆಯದು ಆದಷ್ಟು ಉಳಿಯಬೇಕು.

ಒಂದು ಸಂಜೆ ಹಿಂಬದಿಯ ಚಕ್ರದ ಮೇಲ್ಭಾಗದ ತಗಡಿನ ಮೇಲೆ ಸರಿಯುತ್ತಿದ್ದ ಅಯಸ್ಕಾಂತ ಹಿಡಿತ ತಪ್ಪಿ ಕೆಳಗೆ ಬಿದ್ದಿತು. ಮತ್ತೆ ಇಟ್ಟಳು, ಮತ್ತೆ ಬಿದ್ದಿತು. ಅಜ್ಜ ಬೆರಳಿನಿಂದ ತಟ್ಟಿದರು, 'ದಬ್' ಎಂದಿತು. ಬಣ್ಣವನ್ನು ಕೆರೆದಾಗ ಕೆಳಗೆ ದಪ್ಪನಾದ ಪುಟ್ಟಿ ಕಾಣಿಸಿತು. ಅದರ ಆಕಾರ ಎಷ್ಟು ನಯವಾಗಿತ್ತೆಂದರೆ ಅದು ನುರಿತ ಕೈಯ ಕೆಲಸವೆಂಬುದರಲ್ಲಿ ಸಂಶಯವಿರಲಿಲ್ಲ. ಪುಟ್ಟಿಯ ಒಂದು ತುಣುಕನ್ನು ಎಬ್ಬಿಸಿದಾಗ ಅದರ ಹಿಂದೆ ತುರುಕಿದ್ದ ವೃತ್ತಪತ್ರಿಕೆಯ ಉಂಡೆ ಹೊರಬಂದಿತು. ಹಳದಿಯಾಗಿದ್ದ ಆ ಕಾಗದದ ಮೇಲೆ 1975ರ ಜನವರಿ ತಿಂಗಳ ತಾರೀಖು ಇನ್ನೂ ಓದುವಂತಿತ್ತು.

ಮೇಲೆ ಥಳಕು, ಒಳಗೆ ಹುಳುಕು! ಹಿರಿಯರ ಮುಖ ಕಳೆಗುಂದಿತು. ಅವರ ತಂದೆ ಕಾರಿನ ತಗಡುಗಳನ್ನು ಬೆಸೆಯುವುದರಲ್ಲಿಯೇ ಆಯುಷ್ಯ ಕಳೆದವರು. ಅರೆಬರೆ ಕೆಲಸವನ್ನು ಅವರು ಎಂದೂ ಮಾಡಿದವರಲ್ಲ ಎಂದು ಮೊಮ್ಮಗಳಿಗೆ ಎಷ್ಟೋ ಸಲ ಹೇಳಿದ್ದರು.

"ಅಜ್ಜ, ಮುತ್ತಜ್ಜನಿಗೆ ಈ ಕೆಲಸ ಚೆನ್ನಾಗಿ ಗೊತ್ತಿತ್ತಲ್ಲವೇ? ಹಾಗಾದರೆ ಇದು ಮೋಸವಲ್ಲವೇ?" ಎಂದು ಅವಳು ಕೇಳಿದಳು.

ಅಜ್ಜ ಬಹಳ ಹೊತ್ತು ಮಾತನಾಡಲಿಲ್ಲ. ಪೆಟ್ರೋಲಿನ ಅಭಾವದಿಂದ ಕಾರುಗಳ ಮಾರಾಟ ಕುಸಿದು, ಸಾವಿರಾರು ಕಾರ್ಮಿಕರು ಕೆಲಸ ಕಳೆದುಕೊಂಡಿದ್ದ ಕಾಲ ಅದು. ತಂದೆಯೂ ಅವರಲ್ಲೊಬ್ಬರಾಗಿದ್ದರು. ದೂರದ ಉಗ್ರಾಣವೊಂದರಲ್ಲಿ ಸಿಕ್ಕಿದ ಕೂಲಿಗಾಗಿ ಬೆಳಗಿನ ಕತ್ತಲೆಯಲ್ಲಿಯೇ ಇದೇ ಕಾರಿನಲ್ಲಿ ಹೊರಡುತ್ತಿದ್ದರು.

"ಆ ರಾತ್ರಿ ದೀಪ ಹಿಡಿದು ನಿಂತವನು ನಾನೇ, ಮಗು. ಇದು ನಿಲ್ಲುತ್ತದೆಯೇ ಎಂದು ಕೇಳಿದೆ. ಈ ಚಳಿಗಾಲ ಕಳೆದರೆ ಸಾಕು ಎಂದರು. ಹೊಸ ತಗಡಿಗೆ ಹಣವಿರಲಿಲ್ಲ."

"ಕೆಲಸ ಮತ್ತೆ ಸಿಕ್ಕಿದ ಮೇಲಾದರೂ ಸರಿಪಡಿಸಬಹುದಿತ್ತಲ್ಲ?"

"ಮೇಲೆ ನೋಡಲು ಚೆನ್ನಾಗಿತ್ತು. ಚೆನ್ನಾಗಿ ಕಾಣುವುದನ್ನು ಯಾರು ಬಿಚ್ಚಿ ನೋಡುತ್ತಾರೆ? ಇದನ್ನು ಮರೆಮಾಚಿ ಇನ್ನೊಬ್ಬರಿಗೆ ಮಾರಿದ್ದರೆ ಮೋಸವಾಗುತ್ತಿತ್ತು. ಅವರು ಮಾರಲಿಲ್ಲ. ಕಾರಿನಿಂದ ಸಾಲ ಪಡೆದರು, ತೀರಿಸಲಿಲ್ಲ. ಅಂದು ನಾಣ್ಯದಷ್ಟಿದ್ದ ತೂತು ಇಂದು ಅಂಗೈಯಷ್ಟಾಗಿದೆ. ಅದು ಬಡ್ಡಿ."

ಪುಟ್ಟಿಯು ತೇವವನ್ನು ಹೀರಿ ತಗಡಿಗೆ ಅಂಟಿಸಿಕೊಂಡೇ ಇಟ್ಟಿತ್ತು. ಕಾರು ಕೊಟ್ಟಿಗೆಯಲ್ಲಿ ನಿಂತಿದ್ದರೂ ತುಕ್ಕು ನಿಂತಿರಲಿಲ್ಲ. ಹಿರಿಯರು ಆ ನಯವಾದ ಪುಟ್ಟಿಯ ಮೇಲೆ ಒಮ್ಮೆ ಅಂಗೈಯಾಡಿಸಿದರು. ತಂದೆಯ ಕೈ ತಿದ್ದಿದ ಆಕಾರ ಅದು. ಬಿರುಕಿಗೆ ಮತ್ತಷ್ಟು ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರೆ ನೋಡಿದವರಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅವರು ಸುಣ್ಣದ ಕಡ್ಡಿಯನ್ನು ಕೈಗೆತ್ತಿಕೊಂಡು, ಕೊಳೆತ ಅಂಚಿನಿಂದ ಎರಡು ಬೆರಳು ಆಚೆಗೆ, ಗಟ್ಟಿ ತಗಡಿನ ಮೇಲೆಯೇ ಗೆರೆ ಎಳೆದರು. ಜೀರ್ಣವಾದ ಬಟ್ಟೆಯ ಅಂಚಿಗೆ ತೇಪೆ ಹಾಕಿದರೆ ಹೊಲಿಗೆ ನಿಲ್ಲುವುದೇ? ಬೆಸುಗೆಯೂ ಹಾಗೆಯೇ.

ಗೆರೆಯಂತೆ ಕತ್ತರಿಸಿ ತೆಗೆದು, ಅಷ್ಟೇ ಅಳತೆಯ ಹೊಸ ತಗಡನ್ನು ಕೂರಿಸಿದರು. ಒಂದೇ ಕಡೆ ಕಾವು ಹೆಚ್ಚದಂತೆ ಅಲ್ಲೊಂದು ಇಲ್ಲೊಂದು ಚುಕ್ಕೆಯಿಟ್ಟು ನಿಧಾನವಾಗಿ ಬೆಸೆದರು. ಬರಿಯ ಉಕ್ಕು ಬೆರಳ ಬೆವರಿಗೂ ತುಕ್ಕು ಹಿಡಿಯುವುದರಿಂದ ಅದೇ ದಿನ ಒರೆಸಿ ಪ್ರೈಮರ್ ಬಳಿದರು. ಆಮೇಲೆ ಅಜ್ಜ ಮತ್ತೆ ಪುಟ್ಟಿಯ ಡಬ್ಬಿಯನ್ನು ತೆರೆದಾಗ ಮೊಮ್ಮಗಳಿಗೆ ಆಶ್ಚರ್ಯವಾಯಿತು.

"ಪುಟ್ಟಿಯ ದೋಷವೇನೂ ಇಲ್ಲ, ಮಗು. ಗಟ್ಟಿ ಲೋಹದ ಮೇಲೆ ತೆಳ್ಳಗೆ ಸವರಿದರೆ ಅದು ಏರುತಗ್ಗನ್ನು ಸಮಮಾಡುತ್ತದೆ. ತೂತನ್ನು ಮುಚ್ಚುವುದು ಅದರ ಕೆಲಸವಲ್ಲ" ಎಂದರು.

ಮರುದಿನ ಅವಳು ಹೊಸ ತಗಡಿನ ಮೇಲೆ ಅಯಸ್ಕಾಂತವನ್ನಿಟ್ಟಳು. ಅದು ಕಚ್ಚಿಕೊಂಡು ನಿಂತಿತು. ಬೆರಳಿನಿಂದ ಹಳೆಯ ತಗಡನ್ನು ಒಮ್ಮೆ, ಹೊಸ ತಗಡನ್ನು ಒಮ್ಮೆ ತಟ್ಟಿದಳು. ಎರಡೂ 'ಠಣ್' ಎಂದವು.